ಅಪ್ಪನ ಹೊಟ್ಟೆ ಕೊಯ್ಸಿದ್ದು ತಪ್ಪಾಯ್ತಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ಕೊಬ್ಬರಿ ವ್ಯಾಪಾರ. ಹೋದ ತಿಂಗಳು ಮಧ್ಯರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಗ್ಯಾಸ್ ಇರಬೇಕು ಅಂತ ಸೋಡಾ, ಓಮದ ಕಷಾಯ ಕೊಟ್ಟೆವು. ಮಾರನೇ ದಿನ ಸಂಜೆ ಹತ್ತಿರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೇಲಿನ ಬಿ.ಪಿ. 80ಕ್ಕೆ ಇಳಿದಿತ್ತು. ಅಲ್ಸರ್ ತೂತಾಗಿದೆ ಅಂತ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟಿ ಹೊಲಿಗೆ ಇದೆ. ಬೆಂಗಳೂರಿನ ಚಿಕ್ಕಪ್ಪ ನೋಡಿ, ‘ಈ ಕಾಲದಲ್ಲೂ ಹೀಗೆ ಕೊಯ್ತಾರಾ? ನಮ್ಮಲ್ಲಿಗೆ ತಂದಿದ್ರೆ ಕೀಹೋಲ್‌ನಲ್ಲಿ (ಸಣ್ಣ ತೂತುಗಳಲ್ಲಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮುಗೀತಿತ್ತು’ ಅಂದರು. ಅವತ್ತಿಂದ ನನಗೆ ನಿದ್ದೆ ಇಲ್ಲ. ಅಪ್ಪ ಬೀಡಿ ಸೇದುತ್ತಾರೆ, ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. ಮತ್ತೆ ಮೂಟೆ ಎತ್ತಬಹುದಾ?
– ಹೆಸರು ಬೇಡ, ತಿಪಟೂರು

ಉತ್ತರ: ನೋಡಿಯಮ್ಮ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಹೊಲಿಗೆಯ ಉದ್ದ ಅಲ್ಲ, ಆ 80 ಅನ್ನೋ ಸಂಖ್ಯೆ. ಅಂಥ ಬಿ.ಪಿ. ಇಟ್ಟುಕೊಂಡು ಬೆಂಗಳೂರಿನವರೆಗೆ ಕರ್ಕೊಂಡು ಹೋಗಿದ್ದರೆ ಅಪ್ಪ ದಾರಿಯಲ್ಲೇ ಕೈತಪ್ಪುವ ಅಪಾಯ ಇತ್ತು. ಹತ್ತಿರದ ಆಸ್ಪತ್ರೆಗೆ ಹೋಗಿದ್ದು ಸರಿ. ಅಲ್ಲಿನವರು ಕೊಯ್ದಿದ್ದೂ ಸರಿ.

ಅಲ್ಸರ್ ಒಡೆದಾಗ ಆಗುವ ತೂತು ಸಾಮಾನ್ಯವಾಗಿ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ಆದರೆ ಅದರಿಂದ ಆಸಿಡ್, ಪಿತ್ತ, ತಿಂದ ಅನ್ನ ಎಲ್ಲ ಹೊಟ್ಟೆಯೊಳಗೆ ಚೆಲ್ಲುತ್ತದೆ. ಮೊದಲ ಕೆಲವು ಗಂಟೆ ಅದು ಸುಟ್ಟ ಗಾಯದ ಹಾಗೆ ಉರಿಯುತ್ತದೆ. ಆಮೇಲೆ ಸೋಂಕು ಹತ್ತಿ ಕೀವಾಗುತ್ತದೆ, ನಂಜು ರಕ್ತಕ್ಕೆ ಸೇರುತ್ತದೆ. ಆಪರೇಷನ್ ಯಾವುದೇ ಆಗಲಿ, ಒಳಗೆ ಮಾಡುವ ಕೆಲಸ ಒಂದೇ. ಲೀಟರ್‌ಗಟ್ಟಲೆ ಸೆಲೈನ್ ಹಾಕಿ ತೊಳೆಯಬೇಕು. ತೂತಿಗೆ ಮೂರ್ನಾಲ್ಕು ಹೊಲಿಗೆ ಹಾಕಿ, ಕರುಳಿನ ಮೇಲೆ ಇಳಿಬಿದ್ದಿರುವ ಕೊಬ್ಬಿನ ಪದರವನ್ನು ಎಳೆದು ಅದರ ಮೇಲೆ ಕೂರಿಸಿ ಕಟ್ಟಬೇಕು. ಟೊರಾಂಟೊದ ಸರ್ಜನ್ ರಾಸ್ಕೋ ಗ್ರಹಾಂ 1937ರಲ್ಲಿ ಬರೆದಿಟ್ಟ ತೇಪೆಯನ್ನೇ ಸ್ವಲ್ಪ ಬದಲಿಸಿ ಇವತ್ತಿಗೂ ಹಾಕುತ್ತೇವೆ. 1990ರಿಂದ ಇದೇ ಕೆಲಸವನ್ನು ಕೀಹೋಲ್‌ನಲ್ಲೂ ಮಾಡುತ್ತಿದ್ದಾರೆ.

ಚಿಕ್ಕಪ್ಪನ ಮಾತು ಪೂರ್ತಿ ಸುಳ್ಳಲ್ಲ. ರೋಗಿ ಬೇಗ ಬಂದಿದ್ದು, ಬಿ.ಪಿ. ಗಟ್ಟಿಯಾಗಿದ್ದು, ಕೈ ಪಳಗಿದ ಸರ್ಜನ್ ಇದ್ದರೆ ಕೀಹೋಲ್ ನಿಜಕ್ಕೂ ಒಳ್ಳೆಯದು. ನಮ್ಮ ಮನೆಯವರಿಗೆ ಹಾಗಾದರೆ ನಾನೂ ಅದನ್ನೇ ಕೇಳುತ್ತೇನೆ. ಹಾಂಗ್‌ಕಾಂಗ್‌ನಲ್ಲಿ 121 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಹೋಲ್‌ನವರಿಗೆ ನೋವು ಕಮ್ಮಿ, ಎದೆಯ ಸೋಂಕು ಕಮ್ಮಿ. ಅವರು ಸುಮಾರು 10 ದಿನಕ್ಕೆ ದಿನದ ಕೆಲಸಕ್ಕೆ ಮರಳಿದರೆ, ಹೊಟ್ಟೆ ಕೊಯ್ಸಿಕೊಂಡವರಿಗೆ ಸುಮಾರು 26 ದಿನ ಬೇಕಾಯಿತು. ದುಡಿದು ತಿನ್ನುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಆದರೆ ಕೀಹೋಲ್ ಮಾಡಬೇಕಂದ್ರೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಬೇಕು. ಆ ಒತ್ತಡಕ್ಕೆ ಹೃದಯಕ್ಕೆ ವಾಪಸ್ ಹೋಗುವ ರಕ್ತ ಕಮ್ಮಿಯಾಗುತ್ತದೆ, ಶ್ವಾಸಕೋಶ ಅಗಲವಾಗಿ ಬಿಚ್ಚಿಕೊಳ್ಳುವುದಿಲ್ಲ. ಮೊದಲೇ ಬಿ.ಪಿ. ಕುಸಿದವರು ಇದನ್ನು ತಡೆಯುವುದು ಕಷ್ಟ. ಒಂದು ದಿನ ಕಳೆದ ಕೇಸಿನಲ್ಲಿ ಹೊಟ್ಟೆ ಬಿಚ್ಚಿದರೆ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಹಳದಿ ಕೀವಿನ ಪೊರೆ. ಲಿವರಿನ ಮೇಲೆ, ಗುಲ್ಮದ ಪಕ್ಕ, ಕೆಳಹೊಟ್ಟೆಯ ಗುಂಡಿಯಲ್ಲಿ ಎಲ್ಲೆಲ್ಲೂ ಕೊಳಕು ನೀರು. ಕೈ ಹಾಕಿ ಬಿಡಿಸಿ ಬೇಗ ಬೇಗ ತೊಳೆದು, ರೋಗಿಯನ್ನು ಮೇಜಿನಿಂದ ಇಳಿಸಬೇಕು. ಡೆನ್ಮಾರ್ಕಿನಲ್ಲಿ 2,668 ರೋಗಿಗಳ ಲೆಕ್ಕ ನೋಡಿದಾಗ, ಆಸ್ಪತ್ರೆಗೆ ಸೇರಿದ ಮೇಲೆ ಆಪರೇಷನ್ ಒಂದೊಂದು ಗಂಟೆ ತಡವಾದಂತೆಲ್ಲ ಬದುಕುವ ಸಾಧ್ಯತೆ ಶೇ. 2.4ರಷ್ಟು ಇಳಿಯುತ್ತಾ ಹೋಗಿತ್ತು.

ಸೋಡಾ ಕೊಟ್ಟಿದ್ದಕ್ಕೆ ಈಗ ಕೊರಗಬೇಡಿ. ಮಿಕ್ಕ ಓದುಗರಿಗಾಗಿ ಒಂದು ಮಾತು: ಚಾಕು ಹಾಕಿದ ಹಾಗೆ ಒಮ್ಮೆಲೇ ನೋವು ಬಂದು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ರೋಗಿ ಅಲುಗಾಡದೆ ಮಲಗಿದರೆ ಬಾಯಿಗೆ ನೀರೂ ಹಾಕಬೇಡಿ. ಸೀದಾ ಆಸ್ಪತ್ರೆಗೆ ಹೊರಡಿ. ನೆಟ್ಟಗೆ ಕೂರಿಸಿ ಎದೆಯ ಎಕ್ಸ್-ರೇ ತೆಗೆದರೆ ಬಹಳಷ್ಟು ಜನರಲ್ಲಿ ಲಿವರಿನ ಮೇಲೆ ಕಪ್ಪು ಕುಡುಗೋಲಿನಂಥ ಗಾಳಿಯ ಗೆರೆ ಕಾಣುತ್ತದೆ. ಕಾಣದಿದ್ದರೂ ಅನುಮಾನ ಇದ್ದರೆ ಸ್ಕ್ಯಾನ್ ಮಾಡಿಸುತ್ತಾರೆ.

ಈಗ ನೀವು ನೋಡಬೇಕಾದ್ದು ಬೇರೆ ಇದೆ. ತೂತು ಮುಚ್ಚಿದೆ, ಕಾರಣ ಹಾಗೇ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಂಡಿನೋವಿನ ಮಾತ್ರೆ ಅಪ್ಪನ ಕೈಗೆ ಸಿಗಬಾರದು. ಮಂಡಿಗೆ ಬೇರೆ ದಾರಿ ಇದೆ, ಡಾಕ್ಟರನ್ನು ಕೇಳಿ. ಬೀಡಿ ಬಿಡಲೇಬೇಕು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಇದ್ದರೆ ಸಾಮಾನ್ಯವಾಗಿ 14 ದಿನದ ಕೋರ್ಸ್ ಕೊಡುತ್ತಾರೆ, ಒಂದು ಹೊತ್ತೂ ತಪ್ಪಿಸಬಾರದು. ಡಿಸ್ಚಾರ್ಜ್ ಚೀಟಿಯಲ್ಲಿ ತೂತು ಜಠರದಲ್ಲಿತ್ತಾ, ಅದರ ಮುಂದಿನ ಸಣ್ಣ ಕರುಳಲ್ಲಿತ್ತಾ ಅಂತ ಓದಿ. ಜಠರದಲ್ಲಿದ್ದರೆ ಆಪರೇಷನ್ ಆದ ಆರೆಂಟು ವಾರಕ್ಕೆ ಎಂಡೋಸ್ಕೋಪಿ ಮಾಡಿಸಲೇಬೇಕು. ಕ್ಯಾನ್ಸರ್ ಗಡ್ಡೆಯೂ ಕೆಲವೊಮ್ಮೆ ಹೀಗೆ ಒಡೆಯುತ್ತದೆ. ನೋವಿಲ್ಲ ಅಂತ ಎಷ್ಟೋ ಜನ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ.

ಮೂರು ತಿಂಗಳು ಮೂಟೆ ಮುಟ್ಟುವ ಹಾಗಿಲ್ಲ. ಕೆಮ್ಮಿದಾಗ ಹೊಲಿಗೆಯ ಜಾಗ ಉಬ್ಬಿದರೆ ಅದು ಹರ್ನಿಯಾ ಇರಬಹುದು, ತೋರಿಸಿ.

ಪ್ರಶ್ನೆ: ಅಲ್ಸರ್ ತೂತಾಗಿದ್ದ ತಮ್ಮನನ್ನು ಕೀಹೋಲ್ ಅಂತ ಹೇಳಿ ಒಳಗೆ ಕರ್ಕೊಂಡು ಹೋದರು. ಮಧ್ಯದಲ್ಲಿ ಹೊಟ್ಟೆ ಕೊಯ್ದರು. ಇದು ಮೋಸ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಷ್ಟಕ್ಕೇ ಮೋಸ ಅನ್ನೋಕಾಗಲ್ಲ. ತೂತು ಕಣ್ಣಿಗೆ ಬೀಳದಿದ್ದರೆ, ತುಂಬಾ ದೊಡ್ಡದಿದ್ದರೆ, ಅಂಚು ಮೆತ್ತಗಾಗಿ ಹೊಲಿಗೆ ನಿಲ್ಲದಿದ್ದರೆ ಅಥವಾ ಗ್ಯಾಸ್ ತುಂಬಿದಾಗ ಬಿ.ಪಿ. ಇಳಿದರೆ ಕೊಯ್ಯಬೇಕಾಗುತ್ತದೆ. ಹಟ ಹಿಡಿದು ಕೀಹೋಲ್‌ನಲ್ಲೇ ಮುಗಿಸಲು ಹೋಗುವ ಸರ್ಜನ್ ಬಗ್ಗೆ ನನಗೆ ಜಾಸ್ತಿ ಭಯ. ಆದರೆ ಹೀಗಾಗಬಹುದು ಅಂತ ಸಹಿ ಹಾಕಿಸುವ ಮೊದಲೇ ನಿಮಗೆ ಬಿಡಿಸಿ ಹೇಳಬೇಕಿತ್ತು. ಆಪರೇಷನ್ ವಿವರದ ಪ್ರತಿ ಕೇಳಿ ಪಡೆಯಿರಿ. ಯಾಕೆ ಕೊಯ್ದರು ಅನ್ನೋದು ಅದರಲ್ಲಿ ಬರೆದಿರಬೇಕು.