ನಡುವಿನ ವರ್ಷಗಳು ಎಲ್ಲಿ ಹೋದವು?

ಪ್ರಿಯ ಮಿತ್ರರೇ,

ಅಮೆರಿಕದ ಹೆವಿವೇಟ್ ಬಾಕ್ಸರ್ ಜಾರ್ಜ್ ಫೋರ್‌ಮನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ರಿಂಗ್ ಬಿಟ್ಟ ಮೇಲೂ ಚೆನ್ನಾಗಿ ಬಾಳಿದ ಬಾಕ್ಸರ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ನೀವು ಬರೆದಿರಿ, ಸಂತೋಷ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎರಡು ಸಾಲು ನನ್ನನ್ನು ರೇಗಿಸಿವೆ. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು: ‘ಕಿನ್ಶಾಸಾದಲ್ಲಿ ಅಲಿಗೆ ಸೋತ ಆ ರಾತ್ರಿಯೇ ಅವನೊಳಗಿನ ಮೃಗ ಸತ್ತು ಮನುಷ್ಯ ಹುಟ್ಟಿದ.’

ಯಾರು ಹೇಳಿದರು ಸ್ವಾಮಿ? 1974ರ ಅಕ್ಟೋಬರ್ 30ರಂದು ಆಫ್ರಿಕಾದ ಆ ಊರಿನಲ್ಲಿ ಮುಹಮ್ಮದ್ ಅಲಿ ಎದುರು ಎಂಟನೇ ರೌಂಡಿನಲ್ಲಿ ಬಿದ್ದವನು ಒಳ್ಳೆಯವನಾಗಿ ಏಳಲಿಲ್ಲ, ಕುದಿಯುತ್ತಾ ಎದ್ದ. ಹಗ್ಗ ಸಡಿಲ ಇತ್ತು ಅಂದ. ರೆಫರಿ ಬೇಗ ಎಣಿಸಿದ ಅಂದ. ಕುಡಿಯುವ ನೀರಿಗೆ ಏನೋ ಬೆರೆಸಿದ್ದರು ಅಂತಲೂ ಅಂದ. ಮರುವರ್ಷ ಟೊರಾಂಟೊದಲ್ಲಿ ಒಂದೇ ದಿನ ಐವರ ಜೊತೆ ಪ್ರದರ್ಶನ ಪಂದ್ಯ ಆಡಿದ. ರಿಂಗ್ ಪಕ್ಕದಲ್ಲೇ ಕೂತ ಅಲಿ ಕಿಚಾಯಿಸುತ್ತಲೇ ಇದ್ದ. 1976ರಲ್ಲಿ ರಾನ್ ಲೈಲ್ ಜೊತೆ ಕಾದಾಡಿದಾಗ ತಾನೂ ಬಿದ್ದ, ಅವನನ್ನೂ ಬೀಳಿಸಿದ, ಐದನೇ ರೌಂಡಿನಲ್ಲಿ ಗೆದ್ದ. ಇದರಲ್ಲಿ ಮೃಗ ಸತ್ತದ್ದು ಎಲ್ಲಿ?

ತಿರುವು ಬಂದದ್ದು 1977ರ ಮಾರ್ಚಿನಲ್ಲಿ, ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ. ಜಿಮ್ಮಿ ಯಂಗ್ ದೊಡ್ಡ ಹೊಡೆತಗಾರನೇನಲ್ಲ, ಜಾಣ ಬಾಕ್ಸರ್. ಪಾಯಿಂಟ್ ಮೇಲೆ ಸೋಲಿಸಿದ. ಡ್ರೆಸ್ಸಿಂಗ್ ರೂಮಿನಲ್ಲಿ ಫೋರ್‌ಮನ್ ಕುಸಿದ. ತಾನು ಸತ್ತು, ದೇವರನ್ನು ಕಂಡು ಬಂದೆ ಎಂದು ಆಮೇಲೆ ಹೇಳುತ್ತಲೇ ಇದ್ದ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಗ್ಲೌಸ್ ಕಳಚಿಟ್ಟು ಹ್ಯೂಸ್ಟನ್‌ನಲ್ಲಿ ಬೋಧಕನಾದದ್ದು ಇದಾದ ಮೇಲೆ. ಹತ್ತು ವರ್ಷ ಒಂದೂ ಪಂದ್ಯ ಆಡಲಿಲ್ಲ. ಈ ಜಿಮ್ಮಿ ಯಂಗ್ ಹೆಸರೇ ನಿಮ್ಮ ಲೇಖನದಲ್ಲಿಲ್ಲ! ಅಲಿ ಕೈಯಲ್ಲಿ ಸೋತರೆ ಕಥೆಗೆ ಒಂದು ಗತ್ತು ಬರುತ್ತದೆ, ಯಂಗ್ ಕೈಯಲ್ಲಿ ಸೋತರೆ ಬರುವುದಿಲ್ಲ, ಅಲ್ವಾ?

ನಾನು ಕ್ರೀಡಾಪುಟದಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಬಾಯಲ್ಲಿ ಸದಾ ಎಲೆ ಅಡಿಕೆ, ಕೈಯಲ್ಲಿ ಕೆಂಪು ಪೆನ್ನು. ‘ಅಂದಿನಿಂದ ಅವನ ಬದುಕೇ ಬದಲಾಯಿತು’ ಅನ್ನುವಂಥ ಸಾಲು ಕಂಡರೆ ಅಂಚಿನಲ್ಲಿ ‘ನಡುವೆ ಏನಾಯ್ತು?’ ಎಂದು ಬರೆದು ಹಾಳೆಯನ್ನು ವಾಪಸ್ ತಳ್ಳುತ್ತಿದ್ದರು. ಬೇರೆ ಏನೂ ಹೇಳುತ್ತಿರಲಿಲ್ಲ. ಬಾಯಿ ತುಂಬಿರುತ್ತಿತ್ತಲ್ಲ.

ಎರಡನೆಯದು: ‘ಕೋಟ್ಯಂತರ ಅಭಿಮಾನಿಗಳ ಮನದಲ್ಲಿ ಅವನು ಎಂದೆಂದೂ ನಗುವ ಅಜ್ಜ.’

1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಜೋ ಫ್ರೇಜರ್‌ನನ್ನು ಎರಡು ರೌಂಡಿನೊಳಗೆ ಆರು ಸಲ ಬೀಳಿಸಿದ್ದನ್ನು ಕಂಡವರಿಗೆ ಅವನು ಮಾತಾಡದ, ದುರುಗುಟ್ಟಿ ನೋಡುವ ಆಸಾಮಿ. ಕಿನ್ಶಾಸಾದ ಜನ ‘ಅಲಿ ಬೊಮಾಯೆ’ ಎಂದು, ಅಂದರೆ ಅವನನ್ನು ಕೊಂದುಬಿಡು ಎಂದು, ಅಲಿಯನ್ನು ಹುರಿದುಂಬಿಸಿದ್ದು ಇದೇ ಅಜ್ಜನ ವಿರುದ್ಧ. ಇವನು ಜೊತೆಗೆ ಕರೆತಂದ ಜರ್ಮನ್ ಶೆಫರ್ಡ್ ನಾಯಿ ನೋಡಿ ಅವರಿಗೆ ತಮ್ಮನ್ನು ಆಳಿದ್ದ ಬೆಲ್ಜಿಯನ್ನರ ಪೊಲೀಸ್ ನಾಯಿಗಳು ನೆನಪಾಗಿದ್ದವು. 1994ರ ನವೆಂಬರ್ 5ರಂದು ನೋಡಿದವರ ನೆನಪೇ ಬೇರೆ. 45 ವರ್ಷ, ಕಿನ್ಶಾಸಾದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ, ಪಾಯಿಂಟ್‌ನಲ್ಲಿ ಹಿಂದೆ. ಹತ್ತನೇ ರೌಂಡಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಮೈಕೆಲ್ ಮೂರರ್‌ನನ್ನು ಮಲಗಿಸಿದ. ಇನ್ನು ಟಿವಿಯಲ್ಲಿ ಅಡುಗೆಯ ಗ್ರಿಲ್ ಮಾರುವ ಬೋಳುತಲೆಯ ಅಂಕಲ್ ಅಂತಷ್ಟೇ ಅವನನ್ನು ಬಲ್ಲವರೂ ಇದ್ದಾರೆ. ಇವರನ್ನೆಲ್ಲ ಒಂದೇ ಚಾಪೆ ಮೇಲೆ ಕೂರಿಸಿ ಒಂದೇ ಭಜನೆ ಹಾಡಿಸಿದ್ದೀರಿ.

ಒಮ್ಮೆ ದಸರಾ ಹೊತ್ತಿಗೆ ಆ ಹಿರಿಯರು ನನ್ನನ್ನು ಮೈಸೂರಿನ ಗರಡಿ ಮನೆಯೊಂದಕ್ಕೆ ಅಟ್ಟಿದರು, ಹಳೇ ಪೈಲ್ವಾನರೊಬ್ಬರ ಬಗ್ಗೆ ಬರೆಯಲು. ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಅಜ್ಜ ‘ದೇವರಂಥ ಮನುಷ್ಯ’ ಅಂದರು. ಅದೇ ಬೆಂಚಿನ ಇನ್ನೊಬ್ಬರು ‘ನಮ್ಮ ತಮ್ಮನ ಕೈ ಮುರಿದವನು, ಅದೂ ಅಖಾಡದ ಹೊರಗೆ’ ಅಂದರು. ಯಾವುದನ್ನು ಬರೆಯಲಿ ಸಾರ್ ಎಂದು ಬಂದು ಕೇಳಿದೆ. ಅವತ್ತು ಮಾತ್ರ ಎದ್ದು ಹೋಗಿ ಎಲೆ ಉಗಿದು ಬಂದು ಹೇಳಿದರು: ‘ಎರಡೂ ಹಾಕು. ಅವರಿಬ್ಬರಿಗೂ ರಾಜಿ ಮಾಡಿಸೋಕೆ ನೀನ್ಯಾರು?’

ಫೋರ್‌ಮನ್, ಅಲಿ ಆಮೇಲೆ ಗೆಳೆಯರಾದರು. ಕಿನ್ಶಾಸಾ ಪಂದ್ಯದ ಸಾಕ್ಷ್ಯಚಿತ್ರಕ್ಕೆ 1997ರಲ್ಲಿ ಆಸ್ಕರ್ ಬಂದಾಗ, ಪಾರ್ಕಿನ್ಸನ್ ಕಾಯಿಲೆಯಿಂದ ಸೊರಗಿದ್ದ ಅಲಿಯನ್ನು ಕೈ ಹಿಡಿದು ವೇದಿಕೆಯ ಮೆಟ್ಟಿಲು ಹತ್ತಿಸಿದವನು ಫೋರ್‌ಮನ್. ಇದು ನಿಮ್ಮಲ್ಲಿ ಅರ್ಧ ಸಾಲು. ಐದು ಜನ ಗಂಡುಮಕ್ಕಳಿಗೂ ಜಾರ್ಜ್ ಅಂತಲೇ ಹೆಸರಿಟ್ಟದ್ದು ಒಂದು ಪುಟ! ಅದಲು ಬದಲು ಮಾಡಿ. 2025ರ ಮಾರ್ಚ್ 21ರಂದು ಅವನು ತೀರಿಕೊಂಡಾಗ ಯಾರ್ಯಾರು ಸಂತಾಪ ಸೂಚಿಸಿದರು ಅನ್ನುವ ಪಟ್ಟಿಯನ್ನು ಪೂರ್ತಿ ತೆಗೆಯಿರಿ.

ಇನ್ನೊಂದು. ನಿಮ್ಮ ಸೋದರಮಾವ ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಮೂರರ್ ಪಂದ್ಯವನ್ನು ಗೆಳೆಯರ ಜೊತೆ ಟಿವಿಯಲ್ಲಿ ನೋಡಿದರು ಅಂತ ಮೂರನೇ ಪುಟದಲ್ಲಿ ಒಂದು ಮಾತು ಸುಮ್ನೆ ಬಂದು ಹೋಗುತ್ತದೆ. ಅವರಿಗೆ ಫೋನ್ ಮಾಡಿ. ಯಾರು ಯಾರ ಕಡೆಗಿದ್ದರು, ಒಂಬತ್ತು ರೌಂಡ್ ಮುಗಿಯುವವರೆಗೆ ಏನೇನು ಬೈದುಕೊಂಡರು, ಎಲ್ಲ ಕೇಳಿ ಬರೆದುಕೊಳ್ಳಿ. ಅವರಿಗೆ ಮರೆತುಹೋಗಿದ್ದರೆ ಅದನ್ನೂ ಬರೆಯಿರಿ. ಒಟ್ಟು ಸಾವಿರ ಪದ ಮೀರಬೇಡಿ. ಕೊನೆಯ ಕವನ ಬೇಡವೇ ಬೇಡ.