ಕೊಡಗಿನಲ್ಲೇ ಇರುವವರಿಗೆ ಬೇಸಿಗೆಯ ವಿಶ್ರಾಂತಿ ಎಂದರೇನು? ಮೊಬೈಲು ಬಂದ ಮೇಲೆ ಅದು ಉಳಿದಿದೆಯೆ?

ಬೇಸಿಗೆ ಬಂತೆಂದರೆ ನಗರದವರೆಲ್ಲ ವಿಶ್ರಾಂತಿಗೆಂದು ಕೊಡಗಿನ ಕಡೆಗೆ ಹೊರಡುತ್ತಾರೆ, ಹಾಗಾದರೆ ಅಲ್ಲಿಯೇ ಹುಟ್ಟಿ ಬೆಳೆದವರು ವಿಶ್ರಾಂತಿ ಪಡೆಯುವುದು ಹೇಗೆ, ಮೊಬೈಲು ಮತ್ತು ಇಂಟರ್‌ನೆಟ್ಟು ಅದನ್ನು ಕಸಿದುಕೊಂಡಿವೆಯೆ ಎಂದು ನೀವು ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಹತ್ತಿರ ಐದು ಎಕರೆ ಕಾಫಿ ತೋಟ ನೋಡಿಕೊಂಡಿರುವವನು, ವಯಸ್ಸು ಐವತ್ತಮೂರು. ಮಡಿಕೇರಿಯಲ್ಲಿ ಅಂಗಡಿ ನಡೆಸುವವರ ಬೇಸಿಗೆ ಬೇರೆ, ಹೋಂಸ್ಟೇ ನಡೆಸುವವರ ಬೇಸಿಗೆ ಇನ್ನೂ ಬೇರೆ. ಅವರಿಗೆ ಏಪ್ರಿಲ್, ಮೇ ತಿಂಗಳುಗಳು ಉಸಿರಾಡಲೂ ಬಿಡುವಿಲ್ಲದ ಕಾಲ. ಆದ್ದರಿಂದ ಕಾಫಿ ಬೆಳೆಯುವ ಸಣ್ಣ ಬೆಳೆಗಾರನೊಬ್ಬನ ಅನುಭವವೆಂದಷ್ಟೇ ಇದನ್ನು ಓದಬೇಕು.

ನಮ್ಮಲ್ಲಿ ಬೇಸಿಗೆಯನ್ನು ಎರಡಾಗಿ ನೋಡಬೇಕಾಗುತ್ತದೆ: ಹೂಮಳೆಗೆ, ಅಂದರೆ ಕಾಫಿಯ ಹೂವನ್ನು ಅರಳಿಸುವ ಮಳೆಗೆ, ಮೊದಲಿನದು ಒಂದು, ಹೂಮಳೆ ಆದಮೇಲಿನದು ಇನ್ನೊಂದು. ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಮೂಟೆ ಕಟ್ಟುವ ಹೊತ್ತಿಗೆ ಫೆಬ್ರವರಿ ಕಳೆಯುತ್ತ ಬಂದಿರುತ್ತದೆ. ಏಣಿ ಹಾಕಿ ಕರಿಮೆಣಸು ಕೊಯ್ಯುವ ಕೆಲಸ ಇನ್ನೂ ನಡೆದಿರುತ್ತದೆ. ಆಗ ಗಿಡದ ರೆಂಬೆಗಳಲ್ಲಿ ಮೊಗ್ಗು ಕಟ್ಟಿಕೊಂಡು ಮಳೆಗಾಗಿ ಕಾಯುತ್ತಿರುತ್ತದೆ. ಸುಮಾರು ಒಂದು ಇಂಚು ಮಳೆ ಒಟ್ಟಿಗೆ ಬಿದ್ದರೆ ಎಂಟು ಒಂಬತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಗೇ ಬಿಳಿಯಾಗುತ್ತದೆ. ಆ ಹೂವಿನ ಆಯುಷ್ಯ ಎರಡು ಮೂರು ದಿನ ಮಾತ್ರ. ರೊಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಗಾಳಿಯೋ ಜೇನುಹುಳುವೋ ಬೇರೆ ಗಿಡದಿಂದ ಪರಾಗವನ್ನು ತಂದುಕೊಡಬೇಕು. ಹಾಗಾಗಿ ಹೂವು ಅರಳಿರುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ತೋಟದೊಳಗೆ ಇಳಿಯುವುದಿಲ್ಲ. ಔಷಧಿ ಹೊಡೆಯುವುದಿಲ್ಲ, ಕಳೆ ತೆಗೆಯುವುದಿಲ್ಲ, ಕೆಲಸಕ್ಕೆ ಬರುವವರಿಗೂ ರಜೆ. ನಾವು ಚಿಕ್ಕವರಿದ್ದಾಗ ಅಮ್ಮ ನಮ್ಮನ್ನು ಹೂವಿಗೆ ಮೈ ತಗಲಿಸಬೇಡಿ ಎಂದು ಗದರಿ ಅಂಗಳದಲ್ಲೇ ಕೂರಿಸುತ್ತಿದ್ದರು. ಮಲ್ಲಿಗೆಯಂಥ ಆ ವಾಸನೆಯ ನಡುವೆ ಮಾಡಲು ಏನೂ ಇಲ್ಲದೆ, ಏನನ್ನೂ ಮಾಡಬಾರದೆಂಬ ಕಟ್ಟುಪಾಡಿನಲ್ಲಿ ಕಳೆಯುವ ಆ ಎರಡು ಮೂರು ದಿನಗಳು ನನ್ನ ಮಟ್ಟಿಗೆ ವರ್ಷದ ನಿಜವಾದ ವಿಶ್ರಾಂತಿ. ಅದಕ್ಕೆ ತಾರೀಖು ಗೊತ್ತು ಮಾಡಲಾಗುವುದಿಲ್ಲ, ಮುಂಗಡ ರಜೆ ಹಾಕಲಾಗುವುದಿಲ್ಲ. ಮಳೆ ಕೊಟ್ಟಾಗ ತೆಗೆದುಕೊಳ್ಳಬೇಕು.

ಅದಕ್ಕೆ ಮೊದಲಿನ ಕಾಯುವಿಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೊಬೈಲು ನಮ್ಮ ಬದುಕನ್ನು ಹೆಚ್ಚು ಬದಲಿಸಿರುವುದು ಅಲ್ಲಿಯೇ. ಕೊಡಗಿನ ಬಹುತೇಕ ತೋಟದ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿಯೊಂದು ಇರುತ್ತದೆ. ಸರ್ಕಾರ ಮಿಲಿಮೀಟರಿನಲ್ಲಿ ಹೇಳಿದರೂ ನಾವು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ ಲೆಕ್ಕ ಹಿಡಿಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಅಪ್ಪ ಪ್ರತಿದಿನ ಬೆಳಿಗ್ಗೆ ಡಬ್ಬಿಯ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆ ಇಲ್ಲದ ದಿನವೂ ಅಲ್ಲೊಂದು ಸೊನ್ನೆ ಬೀಳುತ್ತಿತ್ತು. ಅವರಿಗೆ ತಿಳಿಯುತ್ತಿದ್ದುದು ನಿನ್ನೆ ಬಿದ್ದ ಮಳೆ ಮಾತ್ರ. ನಾಳೆಯದನ್ನು ತಿಳಿಯುವ ದಾರಿಯೇ ಇರಲಿಲ್ಲವಾದ್ದರಿಂದ ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಟವೆಲ್ ಹಾಸಿಕೊಂಡು ಮಲಗಿದರೆ ಅವರಿಗೆ ನಿದ್ದೆ ಬರುತ್ತಿತ್ತು.

ನಾನು ಅದೇ ಜಗಲಿಯಲ್ಲಿ ಮಲಗಿ ಹವಾಮಾನದ ಆ್ಯಪ್ ನೋಡುತ್ತೇನೆ. ಗುರುವಾರ ಸಂಜೆ ಮಳೆ ಎಂದು ಬೆಳಿಗ್ಗೆ ತೋರಿಸಿದ್ದು ಮಧ್ಯಾಹ್ನಕ್ಕೆ ಶುಕ್ರವಾರವಾಗಿರುತ್ತದೆ, ರಾತ್ರಿಯ ಹೊತ್ತಿಗೆ ಮಾಯವಾಗಿರುತ್ತದೆ. ಇದರಲ್ಲಿ ಆ್ಯಪಿನ ತಪ್ಪೂ ಹೆಚ್ಚಿಲ್ಲ. ಮುಂಗಾರಿನಂತೆ ಅರಬ್ಬಿ ಸಮುದ್ರದಿಂದ ಒಂದೇ ಸಮನೆ ಹರಿದುಬರುವ ಮಳೆ ಇದಲ್ಲ. ಹಗಲಿನ ಬಿಸಿಲಿಗೆ ನೆಲ ಕಾದು, ಮೇಲೇರಿದ ಗಾಳಿ ಅಲ್ಲಲ್ಲಿ ಗುಡ್ಡೆಯಾಗಿ ಕಟ್ಟುವ ಮೋಡದ ಮಳೆ. ಗುಡ್ಡದ ಈ ಬದಿಯಲ್ಲಿ ಎಂಬತ್ತು ಸೆಂಟ್ ಸುರಿದು ಆ ಬದಿಯಲ್ಲಿ ಧೂಳೂ ಅಡಗದಿರುವುದನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಲೆಕ್ಕ ಹಾಕುವ ಆ್ಯಪಿಗೆ ನನ್ನ ಐದು ಎಕರೆಯ ಭವಿಷ್ಯ ತಿಳಿಯುವುದಾದರೂ ಹೇಗೆ? ಇದೆಲ್ಲ ಗೊತ್ತಿದ್ದೂ ಒಂದು ಮಾರ್ಚಿನಲ್ಲಿ ನಾನು ಅದನ್ನು ನಂಬಿ, ಎರಡು ದಿನದಲ್ಲಿ ಮಳೆ ಬರುತ್ತದೆಂದು, ಮಳೆಗೆ ಬದಲಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕುವುದನ್ನು ಮುಂದೂಡಿದೆ. ಎರಡು ದಿನ ಹತ್ತು ದಿನವಾಯಿತು. ಕೆರೆಯ ನೀರು ಅಷ್ಟರಲ್ಲಿ ಇಳಿದು, ತೋಟದ ಮೇಲ್ಭಾಗಕ್ಕೆ ಸಾಲದೆ ಹೋಗಿ, ಅಲ್ಲಿನ ಮೊಗ್ಗುಗಳು ಒಣಗಿದವು. ಆ ಹತ್ತು ದಿನಗಳಲ್ಲಿ ನಾನು ಸರಿಯಾಗಿ ಒಂದು ಹೊತ್ತು ಮಲಗಲಿಲ್ಲ, ಕೈಯಿಂದ ಮೊಬೈಲನ್ನು ಕೆಳಗಿಡಲೂ ಇಲ್ಲ. ಅಪ್ಪನಿಗೂ ಬೆಳೆ ಹೋದ ವರ್ಷಗಳಿದ್ದವು. ಆದರೆ ಮಳೆ ಬರಲಿಲ್ಲವೆಂಬ ದುಃಖವನ್ನು ಅವರು ಒಂದೇ ಸಲ ಅನುಭವಿಸುತ್ತಿದ್ದರು. ನಾನು ದಿನಕ್ಕೆ ಇಪ್ಪತ್ತು ಸಲ ಅನುಭವಿಸಿದೆ.

ಬೆಲೆಯ ವಿಷಯವೂ ಇದೇ ಜಾತಿಯದು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಗುವವರೆಗೆ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಆ ವ್ಯವಸ್ಥೆ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಕಂತಿಗಾಗಿ ಕಾದು ಸಾಲ ಮಾಡಿಕೊಂಡ ಮನೆಗಳನ್ನು ಕಂಡಿದ್ದೇನೆ. ಆದರೆ ಈಗ ರೊಬಸ್ಟಾದ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯ ಮೇಲೆ, ಆ ಮಾರುಕಟ್ಟೆ ತೆರೆಯುವುದು ಬೇಸಿಗೆಯಲ್ಲಿ ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಒಂದೂವರೆಗೆ, ಅಂದರೆ ಊಟ ಮುಗಿಸಿ ಕಣ್ಣು ಮುಚ್ಚುವ ಸಮಯಕ್ಕೆ ಸರಿಯಾಗಿ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಏರಿತು ಎನ್ನುತ್ತಾರೆ, ಇನ್ನೊಬ್ಬರು ಇನ್ನೆರಡು ದಿನ ತಡೆಯಿರಿ ಎನ್ನುತ್ತಾರೆ. ಗೋಡೌನಿನಲ್ಲಿ ಹತ್ತು ಮೂಟೆ ಇಟ್ಟುಕೊಂಡವನೂ ಆ ಹೊತ್ತಿಗೆ ವ್ಯಾಪಾರಿಯಾಗಿಬಿಡುತ್ತಾನೆ. ನಮ್ಮ ಮಧ್ಯಾಹ್ನದ ನಿದ್ದೆ ಹೋದದ್ದು ಹೆಚ್ಚಾಗಿ ಇದರಿಂದ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇಷ್ಟು ಹೇಳಿದ ಮಾತ್ರಕ್ಕೆ ಮೊಬೈಲು ವಿಶ್ರಾಂತಿಯ ಶತ್ರು ಎಂದು ನೀವು ತಿಳಿದುಕೊಂಡರೆ ಅದು ಅರ್ಧ ಸತ್ಯವಾಗುತ್ತದೆ. ನಮ್ಮ ಸುತ್ತಮುತ್ತಲಿನ ತೋಟಗಳಿಗೆ ಆನೆಗಳು ಬರುತ್ತವೆ. ಆನೆಕಾಡು, ಮೀನುಕೊಲ್ಲಿ ಅರಣ್ಯಗಳು ದೂರವಿಲ್ಲ. ಬೇಸಿಗೆಯ ಕೊನೆಗೆ ಹಲಸು ಹಣ್ಣಾಗತೊಡಗಿದರೆ ವಾಸನೆ ಹಿಡಿದು ರಾತ್ರಿಯೆಲ್ಲ ತೋಟದಲ್ಲೇ ಉಳಿಯುತ್ತವೆ. ಅದಕ್ಕೆಂದೇ ಎಷ್ಟೋ ಮನೆಯವರು ಹಲಸನ್ನು ಎಳೆಯದಾಗಿರುವಾಗಲೇ ಕಡಿದು ಇಳಿಸಿಬಿಡುತ್ತಾರೆ. ಒಂದು ಕಾಲದಲ್ಲಿ ಬೆಳಗಿನ ಜಾವ ನಡೆದುಕೊಂಡು ಹೋಗುವುದೆಂದರೆ ಪ್ರತಿ ತಿರುವಿನಲ್ಲೂ ನಿಂತು ಕಿವಿಗೊಡಬೇಕಿತ್ತು. ಈಗ ಎದ್ದ ಕೂಡಲೇ ಊರಿನ ಆನೆ ಗುಂಪಿನ ಸಂದೇಶ ನೋಡುತ್ತೇನೆ. ಕೆರೆಯ ಹತ್ತಿರ ಮರಿಯೊಂದಿಗೆ ಮೂರು ಆನೆಗಳಿವೆ, ಆ ದಾರಿ ಬೇಡ ಎಂದು ಯಾರೋ ಐದು ಗಂಟೆಗೇ ಬರೆದಿರುತ್ತಾರೆ. ಬೇರೆ ದಾರಿ ಹಿಡಿದು, ಮಂಜು ಕರಗುವ ಮೊದಲು ಒಂದು ಗಂಟೆ ನೆಮ್ಮದಿಯಾಗಿ ನಡೆದು ಬರುತ್ತೇನೆ. ಆ ಒಂದು ಗಂಟೆಯನ್ನು ನನಗೆ ಕೊಟ್ಟಿರುವುದು ಈ ಮೊಬೈಲೇ, ಅದನ್ನು ಕೃತಜ್ಞತೆಯಿಂದ ಹೇಳುತ್ತೇನೆ.

ಇನ್ನು ಹೂಮಳೆಯ ನಂತರದ ಬೇಸಿಗೆ. ಹೂವು ಉದುರಿ, ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆಯೂ, ಅಂದರೆ ಕಾಯಿ ನಿಲ್ಲಲು ಬೇಕಾದ ಎರಡನೆಯ ಮಳೆಯೂ, ಬಿದ್ದು ಕಾಯಿ ಕಟ್ಟಿತೆಂದರೆ ಮನಸ್ಸು ಹಗುರಾಗುತ್ತದೆ. ಏಪ್ರಿಲ್ ಕೊನೆಯಿಂದ ಮೇ ತುಂಬ ಹಗಲು ಬಿಸಿಲು, ಮೂರೂವರೆ ನಾಲ್ಕಕ್ಕೆ ಗುಡುಗು. ಮೊದಲ ಗುಡುಗು ಕೇಳಿದ ತಕ್ಷಣ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಬಗೆಯ ಓಡಾಟ ಶುರುವಾಗುತ್ತದೆ: ಟಿವಿಯ ಪ್ಲಗ್ ಕೀಳುವುದು, ಫ್ರಿಜ್ಜಿನ ಸ್ವಿಚ್ ಆರಿಸುವುದು, ಇಂಟರ್‌ನೆಟ್ಟಿನ ಪೆಟ್ಟಿಗೆಯ ತಂತಿಗಳನ್ನೆಲ್ಲ ಬಿಡಿಸಿ ಮೇಜಿನ ಮೇಲಿಡುವುದು. ತಾಮ್ರದ ತಂತಿಯ ದೂರವಾಣಿ ಇದ್ದ ಕಾಲದಲ್ಲಿ ಒಂದೇ ಬೇಸಿಗೆಯಲ್ಲಿ ನಮ್ಮ ಎರಡು ಮೋಡೆಮ್ ಸುಟ್ಟವು. ಈಗಿನ ಫೈಬರ್ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲವಾದರೂ, ಆ ಪೆಟ್ಟಿಗೆಗೆ ಬೇಕಾದ ಕರೆಂಟು ಬೆಟ್ಟ ಹತ್ತಿ ಇಳಿದು ಬರುವ ಹಳೆಯ ಕಂಬಗಳಿಂದಲೇ ಬರಬೇಕಲ್ಲ! ಹಾಗಾಗಿ ಪ್ಲಗ್ ಕೀಳುವ ಅಭ್ಯಾಸ ತಪ್ಪಿಲ್ಲ. ನಾವು ಕೀಳದಿದ್ದರೂ ಹತ್ತು ನಿಮಿಷದಲ್ಲಿ ಕರೆಂಟೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮೊಬೈಲಿನ ಸಿಗ್ನಲ್ಲೂ ಕ್ಷೀಣಿಸುತ್ತದೆ.

ಆಮೇಲಿನ ಒಂದೆರಡು ಗಂಟೆಗಳು ನಮ್ಮವು. ಎಲ್ಲರೂ ಜಗಲಿಗೆ ಬರುತ್ತಾರೆ. ಹೆಂಡತಿ ಕಪ್ಪು ಕಾಫಿಗೆ ಬೆಲ್ಲ ಹಾಕಿ ತರುತ್ತಾಳೆ. ಅಮ್ಮ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾರೆ, ಇಲ್ಲವೆ ಕಾಡುಮಾವಿನ ಹಣ್ಣನ್ನು ಹಿಂಡಿ ಮೆಣಸು, ಬೆಲ್ಲ ಹಾಕಿ ರಾತ್ರಿಯ ಊಟಕ್ಕೆ ಗೊಜ್ಜು ಮಾಡಿಡುತ್ತಾರೆ. ಬ್ಯಾಟರಿಯ ರೇಡಿಯೊದಲ್ಲಿ ಮಡಿಕೇರಿ ಆಕಾಶವಾಣಿ ಹಾಕಿದರೆ ಗುಡುಗಿನ ಸದ್ದಿನ ನಡುವೆ ಕನ್ನಡದ ಹಾಡೋ ಕೊಡವ ಭಾಷೆಯ ಕಾರ್ಯಕ್ರಮವೋ ಕೇಳಿಸುತ್ತದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಮೇ ತಿಂಗಳಲ್ಲಿ ಎರಡು ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಬರುತ್ತಾಳೆ. ಮೊದಲ ವರ್ಷ ನಾಲ್ಕು ಗಂಟೆಗೆ ಸಂಪರ್ಕ ಕಡಿದಾಗ ಅವಳು ಅಳುವ ಹಾಗಾಗಿದ್ದಳು. ಈಗ ಅವಳೇ ಆಫೀಸಿನವರಿಗೆ ಮೊದಲೇ ತಿಳಿಸಿ, ಬೆಳಿಗ್ಗೆ ಏಳಕ್ಕೆ ಕೂತು ಮೂರರೊಳಗೆ ಕೆಲಸ ಮುಗಿಸಿಕೊಳ್ಳುತ್ತಾಳೆ. ನಾಲ್ಕಕ್ಕೆ ಅಜ್ಜಿಯ ಪಕ್ಕ ಕೂತು, ಯಾವ ವರ್ಷದ ಹೂಮಳೆಗೆ ಎಷ್ಟು ಇಂಚು ಎಂದು ನನ್ನ ಅಪ್ಪನ ಹಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ. ಒಂದು ಪುಟದಲ್ಲಿ ಮಳೆಯ ಅಂಕಿಯ ಪಕ್ಕ ಅಪ್ಪ ಅವಳು ಹುಟ್ಟಿದ ಸುದ್ದಿಯನ್ನೂ ಬರೆದಿಟ್ಟಿದ್ದಾರೆ: ಹೆಣ್ಣು ಮಗು, 45 ಸೆಂಟ್.

ಮನರಂಜನೆಯ ವಿಷಯ ಬಂದರೆ ಕೊಡಗಿನ ಬೇಸಿಗೆಯಲ್ಲಿ ಹಾಕಿಯನ್ನು ಬಿಟ್ಟು ಮಾತನಾಡಲಾಗದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿದ್ದವು. ನಾವು ಕೊಡವರಲ್ಲದಿದ್ದರೂ ಸ್ನೇಹಿತರ ಮನೆತನದ ಪಂದ್ಯವಿದ್ದರೆ ಹೋಗಿ ನೋಡುತ್ತೇವೆ. ಈಗ ಎಲ್ಲವೂ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ; ದುಬೈಯಲ್ಲಿರುವವರು ತಮ್ಮ ಮನೆತನದ ಆಟವನ್ನು ಅಲ್ಲಿಂದಲೇ ನೋಡುವುದು ಸಂತೋಷದ ಸಂಗತಿ. ಒಂದು ಗಂಟೆಯ ದಾರಿಯಲ್ಲಿರುವ ನಾವೂ ಮನೆಯಲ್ಲೇ ಕೂತು ನೋಡತೊಡಗಿದ್ದೇವೆ, ಅದು ನನಗೆ ಸರಿ ಕಾಣುವುದಿಲ್ಲ. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಬೇಕು.

ಎಲ್ಲವನ್ನೂ ಆರಿಸಿ ಕೂರುವುದು ಬೇಸಿಗೆಯಲ್ಲಿ ಮಾತ್ರ ಸಾಧ್ಯ ಎಂಬುದನ್ನೂ ಸೇರಿಸಬೇಕು. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದಾಗ ಮಕ್ಕಂದೂರು, ಜೋಡುಪಾಲದ ಕಡೆಯ ನೆಂಟರಿಷ್ಟರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ, ಹೋಗದ ಕರೆಗಳನ್ನು ಮತ್ತೆ ಮತ್ತೆ ಮಾಡುತ್ತ ಕಳೆದ ರಾತ್ರಿಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅಂದಿನಿಂದ ಜೂನ್ ಬಂದರೆ ಎರಡು ಪವರ್ ಬ್ಯಾಂಕುಗಳು ಸದಾ ತುಂಬಿರಬೇಕು, ರಾತ್ರಿ ಮೊಬೈಲು ತಲೆಯ ಹತ್ತಿರವೇ ಇರಬೇಕು. ಮಳೆಗಾಲದಲ್ಲಿ ಅದನ್ನು ದೂರವಿಡಿ ಎಂದು ಯಾರಾದರೂ ಉಪದೇಶಿಸಿದರೆ ಅವರು ಇಲ್ಲಿ ಒಂದು ಆಗಸ್ಟನ್ನು ಕಳೆದಿಲ್ಲ ಎಂದುಕೊಳ್ಳುತ್ತೇನೆ. ಬೇಸಿಗೆಯ ಆ ಸಂಜೆಗಳು ನನಗೆ ಅಷ್ಟು ಮುಖ್ಯವಾಗಿರುವುದು ಇದರಿಂದಲೂ ಹೌದು.

ಮೊಗ್ಗು ಒಣಗಿದ ಆ ವರ್ಷದ ನಂತರ ನಾನು ಮಾಡಿಕೊಂಡಿರುವ ಬದಲಾವಣೆ ಇಷ್ಟೆ. ಫೆಬ್ರವರಿ ಹುಟ್ಟಿದಾಗ ಹವಾಮಾನದ ಆ್ಯಪನ್ನು ತೆಗೆದುಹಾಕುತ್ತೇನೆ. ಕೆರೆಯ ನೀರಿನ ಮಟ್ಟ, ಮೊಗ್ಗಿನ ಸ್ಥಿತಿ ಇವೆರಡನ್ನು ನೋಡಿ ಸ್ಪ್ರಿಂಕ್ಲರ್ ಹಾಕುವ ದಿನವನ್ನು ಮೊದಲೇ ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಗುರುತಿಡುತ್ತೇನೆ. ಅಷ್ಟರೊಳಗೆ ಮಳೆ ಬಂದರೆ ಬಂತು, ಬಾರದಿದ್ದರೆ ಆ ದಿನ ಮೋಟಾರು ಹಾಕುವುದೇ. ಸ್ಪ್ರಿಂಕ್ಲರಿನ ನೀರು ಚಿಮ್ಮಿಸುವ ಜೆಟ್ಟುಗಳ ಜಾಗ ಬದಲಾಯಿಸಲು ರಾತ್ರಿ ಎರಡು ಗಂಟೆಗೆ ಎಬ್ಬಿಸುವ ಕೆಲಸವನ್ನು ಮೊಬೈಲಿಗೆ ಒಪ್ಪಿಸಿದ್ದೇನೆ, ಅದನ್ನು ಅದು ತಪ್ಪದೆ ಮಾಡುತ್ತದೆ. ಲಂಡನ್ನಿನ ಬೆಲೆಯನ್ನು ಶನಿವಾರ ಸುಂಟಿಕೊಪ್ಪಕ್ಕೆ ಹೋದಾಗ ವ್ಯಾಪಾರಿಯನ್ನು ಕೇಳಿ ತಿಳಿಯುತ್ತೇನೆ.

ನೀವು ಬರುವುದಾದರೆ ಹೂವಿನ ಸಮಯಕ್ಕೆ ಬರುತ್ತೇನೆಂದು ಮುಂಚಿತವಾಗಿ ಕೋಣೆ ಕಾದಿರಿಸಬೇಡಿ, ಬಹಳ ಸಲ ನಿರಾಶೆಯಾಗುತ್ತದೆ. ಪರಿಚಯದ ಬೆಳೆಗಾರರೊಬ್ಬರಿಗೆ ಹೇಳಿಟ್ಟಿರಿ; ಒಂದು ಇಂಚು ಬಿತ್ತೆಂದು ಅವರು ಫೋನ್ ಮಾಡಿದರೆ ಅಲ್ಲಿಂದ ಎಂಟು ದಿನಕ್ಕೆ ಹೊರಡಿ. ಅದು ಆಗದಿದ್ದರೆ ಮೇ ಮೊದಲ ವಾರ ಬನ್ನಿ, ಜೊತೆಗೊಂದು ಟಾರ್ಚ್ ಇರಲಿ. ಆಫೀಸಿನ ಕೆಲಸವೇನಿದ್ದರೂ ಮಧ್ಯಾಹ್ನ ಮೂರರೊಳಗೆ ಮುಗಿಸಿಕೊಳ್ಳಿ.