ಜ್ವರ ಬಂದವರು ಮಾಸ್ಕ್ ಹಾಕಲು ಹಿಂಜರಿಯುವುದೇಕೆ?

ಜ್ವರದಲ್ಲೇ ಕೆಲಸಕ್ಕೆ ಹೋಗಿ, ಆಮೇಲೆ ಅದಕ್ಕಾಗಿ ಕೊರಗುತ್ತ ನನ್ನ ಬಳಿ ಸಮಾಲೋಚನೆಗೆ ಬರುವವರನ್ನು ಪ್ರತಿ ಮಳೆಗಾಲದಲ್ಲೂ ಕಾಣುತ್ತೇನೆ. ಅವರಲ್ಲೊಬ್ಬರ ಮಾತು ನನ್ನನ್ನು ಬಹಳ ದಿನ ಕಾಡಿದ್ದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಕಲಬುರಗಿಯ ಬೇಳೆ ಮಿಲ್ಲೊಂದರ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವವರು. ಸಂಬಳ 12,000 ರೂಪಾಯಿ. ಜ್ವರ, ಕೆಮ್ಮು ಇದ್ದರೂ ಮೂರು ದಿನ ಮಾಸ್ಕ್ ಇಲ್ಲದೆ ಕೆಲಸಕ್ಕೆ ಹೋಗಿದ್ದರು. ವಾರದೊಳಗೆ, ಜೊತೆಯಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದ ಗರ್ಭಿಣಿ ಗೆಳತಿ ಜ್ವರದಿಂದ ಆಸ್ಪತ್ರೆ ಸೇರಿದರು. ಗೆಳತಿ ಗುಣವಾಗಿ ಮನೆಗೆ ಮರಳಿದರೂ ಈಕೆಗೆ ನಿದ್ದೆ ಮರಳಲಿಲ್ಲ.

ಮಾಸ್ಕ್ ಏಕೆ ಹಾಕಲಿಲ್ಲವೆಂದು ಎರಡನೆಯ ಭೇಟಿಯಲ್ಲಿ ಕೇಳಿದೆ. "ದೂಳಿಗೆ ಸೆರಗು ಕಟ್ಕೊಂಡ್ರ ಯಾರೂ ಏನೂ ಕೇಳಲ್ಲರೀ ಮೇಡಂ. ಮಾಸ್ಕ್ ಹಾಕ್ಕೊಂಡ್ರ ಏನಾಗ್ಯಾದ ಅಂತ ಎಲ್ಲಾರೂ ಕೇಳ್ತಾರ. ನನಗ ರೋಗ ಅದ ಅಂತ ನಾನೇ ಡಂಗುರ ಸಾರಿದಂಗ ಆಗ್ತದ."

2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ಇದೇ ಊರಿನಿಂದ. ಸೋಂಕಿತರ ಓಣಿಗಳಿಗೆ ಬೇಲಿ ಹಾಕಿದ್ದನ್ನು ಕಂಡವರಿಗೆ ಮಾಸ್ಕ್ ಎಂದರೆ ಮೊದಲು ನೆನಪಾಗುವುದು ಆ ಬೇಲಿ.

"ನಿಮ್ಮದೇನೂ ತಪ್ಪಿಲ್ಲ" ಎಂದು ನಾನು ಹೇಳಲಿಲ್ಲ. ಸೋಂಕು ಈಕೆಯಿಂದಲೇ ತಗುಲಿತೆಂದು ಯಾರೂ ಖಚಿತವಾಗಿ ಹೇಳಲಾರರು, ನಿಜ. ಆದರೆ ಗರ್ಭಿಣಿಯರಲ್ಲಿ ಫ್ಲೂ ಉಲ್ಬಣಿಸುವ ಅಪಾಯ ಹೆಚ್ಚು, ಮತ್ತು ಅದನ್ನು ನೆನೆದು ಸಂಕಟಪಡುವ ಮನಸ್ಸಿನ ವಿವೇಕವನ್ನು ಸಮಾಧಾನದ ಮಾತಿನಿಂದ ಒರೆಸಿಹಾಕುವುದು ನನಗೆ ಸರಿಯೆನಿಸಲಿಲ್ಲ. ಜ್ವರ ಇರುವಷ್ಟು ದಿನ ಮನೆಯಲ್ಲೇ ಇರಿ ಎಂದೆ. ಏಕೆಂದರೆ ಮಾಸ್ಕ್ ಹಾಕಿಕೊಂಡು ಹೋದರೂ ಬುತ್ತಿ ಬಿಚ್ಚಿದಾಗ ಅದು ಗದ್ದಕ್ಕೆ ಇಳಿಯಲೇಬೇಕು. ಹೋಗಲೇಬೇಕಾದ ದಿನ ಸೆರಗನ್ನು ನೆಚ್ಚದೆ, ಮೂಗು ಬಾಯಿ ಎರಡನ್ನೂ ಮುಚ್ಚುವ ಸರ್ಜಿಕಲ್ ಮಾಸ್ಕ್ ಹಾಕಿ, ಬೇರೆಯಾಗಿ ಕೂತು ಉಣ್ಣಿ ಎಂದೂ ಹೇಳಿದೆ.

ಹೊಟ್ಟೆಪಾಡಿಗೆ ದುಡಿಯುವವರಿಗೆ ರಜೆ ಹಾಕೆನ್ನುವುದು ಸುಲಭ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ಮಾತು ನನಗೂ ಹೊಳೆದಿದ್ದರಿಂದಲೇ ಆಕೆಯ ಸಂಬಳದ ಚೀಟಿ ತರಿಸಿ ನೋಡಿದ್ದೆ. ನಾಲ್ಕಾಗಿ ಮಡಚಿದ್ದ ಆ ಚೀಟಿಯಲ್ಲಿ ಇಎಸ್‌ಐಗೆಂದು, ಅಂದರೆ ನೌಕರರ ರಾಜ್ಯ ವಿಮೆಗೆಂದು, 90 ರೂಪಾಯಿ ಕಡಿತವಾಗಿತ್ತು. ಅದು ಏಕೆಂದು ಆಕೆಗೆ ಯಾರೂ ತಿಳಿಸಿರಲಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ದಿನದ ಸರಾಸರಿ ವೇತನದ ಶೇ. 70ರಷ್ಟು ಸಿಗುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಏನೂ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನನ್ನ ರೊಕ್ಕಾನೇ ಅದಲ್ರೀ?" ಎಂದರು.

ಗೆಳತಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿಕೊಳ್ಳುವಿರಾ ಎಂದು ಕೇಳಿದ್ದಕ್ಕೆ ಮಾತ್ರ ಇನ್ನೂ ಧೈರ್ಯ ಬಂದಿಲ್ಲವೆಂದರು. ನಾನು ಒತ್ತಾಯಿಸಲಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಮುಂದಿನ ಭೇಟಿಯ ದಿನ ಬರೆದುಕೊಟ್ಟೆ.